ಭಾವ ಮ್ಯಾನೇಜರ್ ಆಗುವುದು ಬೇಡ

ಪ್ರಶ್ನೆ: ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ನಾಲ್ಕು ವರ್ಷ ಲೆಕ್ಕ ಬರೆದೆ. ಅಪ್ಪ ಹಾಸಿಗೆ ಹಿಡಿದಾಗ ರಜೆ ಸಿಗಲಿಲ್ಲ. ಸೀಸನ್ ನಡುವೆಯೇ ಕೆಲಸ ಬಿಟ್ಟೆ. ಮಾಲೀಕರಿಗೆ ಇನ್ನೂ ಸಿಟ್ಟಿದೆ. ಈಗ ಹುಬ್ಬಳ್ಳಿಯ ಕಂಪನಿಯೊಂದು, ನನ್ನ ಕೆಲಸದ ಬಗ್ಗೆ ಹೇಳಬಲ್ಲ ಇಬ್ಬರ ರೆಫರೆನ್ಸ್ ಕೇಳಿದೆ. ಕಾರವಾರದಲ್ಲಿರುವ ಭಾವ, 'ನಾನೇ ಮಂಡಿ ಮ್ಯಾನೇಜರ್ ಅಂತ ಮಾತಾಡ್ತೇನೆ' ಅಂತಿದ್ದಾನೆ. ಏನು ಮಾಡಲಿ?

ಉತ್ತರ: ಭಾವನ ಪ್ರೀತಿ ದೊಡ್ಡದು. ಆದರೆ ಆ ದಾರಿ ಖಂಡಿತ ಬೇಡ. ಫೋನ್ ಮಾಡುವವರು 'ಹುಡುಗಿ ಒಳ್ಳೆಯವಳಾ' ಅಂತ ಕೇಳಿ ಸುಮ್ನೆ ಇಡುವುದಿಲ್ಲ. ಯಾವಾಗ ಸೇರಿದರು, ಯಾವ ಲೆಕ್ಕ ನೋಡುತ್ತಿದ್ದರು, ಯಾಕೆ ಬಿಟ್ಟರು ಎಂದೆಲ್ಲ ಕೇಳುತ್ತಾರೆ. ಸುಳ್ಳು ಅಂತ ಗೊತ್ತಾದರೆ, ಸಿಕ್ಕ ಕೆಲಸವೂ ಹೋಗಬಹುದು.

ಮಾಲೀಕರ ಹೆಸರನ್ನೇ ಕೊಡಬೇಕು ಅಂತ ಕಂಪನಿ ಹೇಳಿಲ್ಲ ಅಲ್ವಾ? ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು ಸಾಕು. ಪಕ್ಕದ ಮೇಜಿನಲ್ಲಿದ್ದ ಹಿರಿಯ ಗುಮಾಸ್ತರನ್ನು ನೆನೆಸಿಕೊಳ್ಳಿ. ಅಡಿಕೆ ಮಾರಾಟದ ಟೆಂಡರ್ ಮುಗಿದ ಸಂಜೆ, ಬೆಳೆಗಾರರಿಗೆ ಕೊಡುವ ಲೆಕ್ಕದ ಪಟ್ಟಿಗಳನ್ನು ಒಂದೊಂದಾಗಿ ತಾಳೆ ನೋಡಿ, ತೂಕ, ದರ, ಮುಂಗಡ ಎಲ್ಲ ಸರಿಹೋದ ಮೇಲೇ ನೀವು ಏಳುತ್ತಿದ್ದದ್ದನ್ನು ಅವರು ನೋಡಿದ್ದಾರೆ. ಇಂಥ ಒಂದು ಮಾತು ಹತ್ತು ಹೊಗಳಿಕೆಗಿಂತ ಜಾಸ್ತಿ ಕೆಲಸ ಮಾಡುತ್ತದೆ. ವರ್ಷದ ಲೆಕ್ಕ ನೋಡಲು ಬರುತ್ತಿದ್ದ ಆಡಿಟರ್ ಎರಡನೆಯವರಾಗಬಹುದು.

ಕೇಳದೆ ಯಾರ ನಂಬರೂ ಕೊಡಬೇಡಿ. ಗುಮಾಸ್ತರಂತೂ ಇನ್ನೂ ಅದೇ ಮಂಡಿಯ ಸಂಬಳದಲ್ಲಿ ಮನೆ ನಡೆಸುವವರು. 'ನಿಮಗೆ ತೊಂದರೆ ಆಗುವುದಾದರೆ ಬೇಡ' ಅಂತ ನೀವೇ ಮೊದಲು ಹೇಳಿ. ಒಪ್ಪಿದರೆ ಯಾವ ಕೆಲಸ, ಯಾರು ಫೋನ್ ಮಾಡಬಹುದು ಅಂತ ತಿಳಿಸಿ.

ಕಂಪನಿಯವರು ಮಾಲೀಕರಿಗೂ ಫೋನ್ ಮಾಡಬಹುದು. ಹಾಗಾಗಿ ವಿಷಯ ನಿಮ್ಮ ಬಾಯಿಂದಲೇ ಮೊದಲು ಹೋಗಲಿ. ಅಪ್ಪನನ್ನು ನೋಡಿಕೊಳ್ಳಲು ಸೀಸನ್‌ನಲ್ಲೇ ಬಿಡಬೇಕಾಯಿತು, ಮಾಲೀಕರಿಗೆ ಬೇಸರವಾಗಿದೆ. ಅಷ್ಟು ಸಾಕು. ರಜೆಯ ಜಗಳ ಎತ್ತಬೇಡಿ. ಅಪ್ಪನ ಹತ್ತಿರ ಇದ್ದದ್ದಕ್ಕೆ ನೀವು ತಲೆ ತಗ್ಗಿಸುವ ಕಾರಣವೇ ಇಲ್ಲ.

ದಾಖಲೆಗಳನ್ನೂ ಜೋಡಿಸಿಡಿ. ಪಿಎಫ್ ಇದ್ದರೆ ಆನ್‌ಲೈನ್ ಖಾತೆಯಲ್ಲಿ ಸೇರಿದ ದಿನ, ಬಿಟ್ಟ ದಿನ ಕಾಣುತ್ತದೆ. ಬಿಟ್ಟ ದಿನವನ್ನು ಮಾಲೀಕರು ಹಾಕಿಲ್ಲದಿದ್ದರೆ, ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು. 2020ರಿಂದ ಈ ಅನುಕೂಲ ಇದೆ. ಪಿಎಫ್ ಇಲ್ಲವೇ? ಸಂಬಳ ಜಮಾ ಆದ ಬ್ಯಾಂಕ್ ಪಾಸ್‌ಬುಕ್ ಕೂಡ ಒಂದು ಸಾಕ್ಷಿಯೇ.

ಮಾಲೀಕರ ಹತ್ತಿರ ಅನುಭವ ಪತ್ರವನ್ನು ಒಮ್ಮೆ ಕೇಳಿ ನೋಡಿ. ಸೀಸನ್ ಗಡಿಬಿಡಿ ಇಳಿದ ಮೇಲೆ ಸಿಟ್ಟೂ ಇಳಿದಿರಬಹುದು. ಅದಕ್ಕಾಗಿ ಹುಬ್ಬಳ್ಳಿಯವರಿಗೆ ಉತ್ತರ ಕೊಡುವುದನ್ನು ಮಾತ್ರ ತಡ ಮಾಡಬೇಡಿ.