ಸುಮ್ನಿರೋ ಒಳ್ಳೆ ಹುಡುಗ

ದೊಡ್ಡವರ ಎದುರು ಬಾಯಿ ಬಿಡಲಾಗದೆ ಒದ್ದಾಡುವ ಹುಡುಗ ಹುಡುಗಿಯರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಡಾಕ್ಟರು ಬರೆದ ಡೋಸ್ ಜಾಸ್ತಿ ಅನ್ನಿಸಿದರೂ ಕೇಳಲಾಗದ ಹೊಸ ನರ್ಸ್. ಸಿಮೆಂಟ್ ಕಡಿಮೆ ಬಿತ್ತು ಅಂತ ಗೊತ್ತಿದ್ದೂ ತಲೆ ತಗ್ಗಿಸಿದ ಜೂನಿಯರ್ ಇಂಜಿನಿಯರ್. ಈ ಸಲ ಬೆಳಗಾವಿಯ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದವನು ಪೈಲಟ್. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಬಾಗಲಕೋಟೆ ಜಿಲ್ಲೆಯ ಕಬ್ಬು ಬೆಳೆಯುವ ಮನೆ. ಹೊಲದ ಮೇಲೆ ಸಾಲ ತೆಗೆದು ಓದಿಸಿದ್ದರು. 200 ಗಂಟೆ ಹಾರಿ ಲೈಸೆನ್ಸ್ ಪಡೆದಾಗ ಊರ ಅಗಸಿಯಲ್ಲಿ ಫ್ಲೆಕ್ಸ್ ಹಾಕಿದ್ದರು. ಆಮೇಲೆ ಎಟಿಆರ್ ಅನ್ನೋ ಸಣ್ಣ ವಿಮಾನದ ತರಬೇತಿ, ಸಣ್ಣ ಊರುಗಳ ನಡುವೆ ಹಾರುವ ಒಂದು ಕಂಪನಿಯಲ್ಲಿ ಕೋ-ಪೈಲಟ್ ಕೆಲಸ, ಜೊತೆಗೆ ನಡುವೆ ಬಿಟ್ಟು ಹೋಗುವಂತಿಲ್ಲ ಅನ್ನೋ ಬಾಂಡ್. ಈಗ ರಾತ್ರಿ ನಿದ್ದೆ ಇಲ್ಲ. ಡ್ಯೂಟಿ ಅಂದರೆ ಹೊಟ್ಟೆ ತೊಳಸುತ್ತದೆ.

"ಹಾರೋದಕ್ಕ ಹೆದರಿಕಿ ಇಲ್ರೀ ಮೇಡಂ," ಅಂದ ಮೊದಲ ದಿನವೇ. ಹಾಗಾದರೆ ಯಾವುದಕ್ಕೆ ಅಂತ ಅವನಿಗೂ ಹೇಳಲು ಬರಲಿಲ್ಲ.

ಎರಡನೇ ಸಲ ಬಂದಾಗ ಹೇಳಿದ. ಒಂದು ಸಂಜೆ ವಿಮಾನ ಇಳಿಯುತ್ತಿತ್ತು. ಹಾರಿಸುತ್ತಿದ್ದವರು ಕ್ಯಾಪ್ಟನ್, ಗಮನಿಸುವ ಕೆಲಸ ಇವನದು. ರನ್‌ವೇ ಇನ್ನೂ 1000 ಅಡಿ ಕೆಳಗಿರುವಾಗ, ಆಕಾಶ ತಿಳಿಯಾಗಿದ್ದರೆ 500 ಅಡಿಗೆ, ವೇಗ, ಇಳಿಯುವ ಗತಿ, ಚಕ್ರ, ರೆಕ್ಕೆಯ ಫ್ಲ್ಯಾಪ್ ಎಲ್ಲ ಸರಿ ಕೂತಿರಬೇಕು. ಇಲ್ಲದಿದ್ದರೆ ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರಿ ಸುತ್ತು ಹಾಕಿ ಬರಬೇಕು. ಅವತ್ತು 500 ಅಡಿ ದಾಟಿದರೂ ವೇಗ ಜಾಸ್ತಿಯೇ ಇತ್ತು. ಇವನಿಗೆ ಕಾಣುತ್ತಿತ್ತು. ಮಾತು ಗಂಟಲಿಗೆ ಬಂದು ಅಲ್ಲೇ ನಿಂತಿತು. ಕ್ಯಾಪ್ಟನ್ ಹೇಗೋ ಸರಿ ಮಾಡಿಕೊಂಡು ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಇಳಿದ ಮೇಲೆ ಇವನ ಭುಜ ತಟ್ಟಿ ಹೇಳಿದರಂತೆ: "ನಿನ್ನ ಜೊತೆ ಹಾರೋದು ಆರಾಮ. ಸುಮ್ನಿರ್ತೀಯ. ಒಳ್ಳೆ ಹುಡುಗ."

"ಅವ್ರು ಬೈದಿದ್ರ ನಿದ್ದಿ ಬರ್ತಿತ್ತೇನೋ ಮೇಡಂ," ಅಂದ. "ನಮ್ಮ ಅಪ್ಪಾನೂ ಹಿಂಗೇ ಹೊಗಳ್ತಾನ. ನಮ್ಮ ಹುಡುಗ ಎದುರ ಮಾತಾಡಂಗಿಲ್ಲ ಅಂತ ಎಲ್ಲಾರ ಮುಂದ ಹೇಳ್ಕೋತ ಬಂದಾನ."

ಇದನ್ನು ಕೇಳಿದ ಮೇಲೆ ನನಗೆ ದಾರಿ ಕಂಡಿತು. ನನ್ನ ಕುರ್ಚಿಯನ್ನು ಅವನ ಎಡಗಡೆಗೆ ಎಳೆದು ಕೂತೆ, ಕ್ಯಾಪ್ಟನ್ ಕೂರುವುದು ಆ ಕಡೆಯೇ ಅಲ್ವಾ. "ನಾನು ಕ್ಯಾಪ್ಟನ್. ವೇಗ ಜಾಸ್ತಿ ಇದೆ. ಹೇಳು," ಅಂದೆ.

"ಸರ್... ಅದು... ಸ್ಪೀಡ್ ಸ್ವಲ್ಪ..."

"ನಿಮ್ಮ ಕಂಪನಿಯ ಪುಸ್ತಕದಲ್ಲಿ ಏನು ಹೇಳಬೇಕು ಅಂತ ಇದೆ?"

"ಸ್ಪೀಡ್. ಅಷ್ಟೇ. ಆಮೇಲೆ ಗೋ ಅರೌಂಡ್."

"ಅಷ್ಟನ್ನೇ ಹೇಳು."

"ಸರ್ ಅನ್ನದ ಹೆಂಗ್ರಿ ಹೇಳೋದು?" ಅಂತ ನಿಜವಾಗಿ ಗಾಬರಿಯಿಂದ ಕೇಳಿದ.

ಮಂಗಳೂರಿನ ವಿಮಾನ ದುರಂತ ನೆನಪಿಸಿದೆ. 2010ರ ಮೇ 22. 158 ಜನ ಸತ್ತರು, 8 ಜನ ಉಳಿದರು. ಕೋ-ಪೈಲಟ್ ಮೂರು ಸಲ ಗೋ ಅರೌಂಡ್ ಅಂದಿದ್ದರು, ಕ್ಯಾಪ್ಟನ್ ಇಳಿಸಲು ಹೋದರು ಅಂತ ತನಿಖಾ ವರದಿಯಲ್ಲಿ ಇದೆ. ಹುಡುಗ ತಟ್ಟನೆ ಅಂದ: "ಹೇಳಿ ಏನಾತ್ರಿ ಮತ್ತ?" ಈ ಪ್ರಶ್ನೆ ನನಗೆ ಇಷ್ಟವಾಯಿತು. ಮೊದಲ ಸಲ ನನಗೆ ಎದುರು ಮಾತಾಡಿದ್ದ. "ಎರಡು ಸಲ ಹೇಳಿದರೂ ಉತ್ತರ ಬರದಿದ್ದರೆ ನಿನ್ನ ಪುಸ್ತಕ ಏನು ಮಾಡು ಅನ್ನುತ್ತೆ?" ಅಂತ ಕೇಳಿದೆ. ತಡೆದು ಹೇಳಿದ: "ಕಂಟ್ರೋಲ್ ನಾನೇ ತಗೋಬೇಕು." ಹೇಳಿದ ಮೇಲೆ ತನ್ನ ಎರಡೂ ಕೈ ನೋಡಿಕೊಂಡ.

ಅವತ್ತು ಉಳಿದ ಹೊತ್ತೆಲ್ಲ ಬರೀ ಅಭ್ಯಾಸ. ಗಟ್ಟಿಯಾಗಿ, ಸರ್ ಇಲ್ಲದೆ.

ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು ನೆಲದ ಮೇಲಿನದು. ಹಾರುವ ಮೊದಲು ಬ್ರೀಫಿಂಗ್ ಇರುತ್ತದಲ್ಲ, ಅಲ್ಲೇ ಕ್ಯಾಪ್ಟನ್‌ಗೆ ಹೇಳಿಬಿಡು: "ನಾನು ಹೊಸಬ ಸರ್. ಏನಾದರೂ ಕಂಡರೆ ತಕ್ಷಣ ಹೇಳಿಬಿಡ್ತೀನಿ." ಮರ್ಯಾದೆ ಎಲ್ಲ ಅಲ್ಲಿ ಕೊಡು. 500 ಅಡಿಯಲ್ಲಿ ಅದಕ್ಕೆ ಸಮಯ ಇರಲ್ಲ. ಆ ಸಂಜೆಯ ವಿಷಯವನ್ನು ತರಬೇತಿ ಕೊಟ್ಟ ಕ್ಯಾಪ್ಟನ್ ಹತ್ತಿರ ಹೇಳು ಅಂದೆ. ಗೆಳೆಯನೊಬ್ಬ ಔಷಧಿ ಅಂಗಡಿಯಿಂದ ನಿದ್ದೆ ಮಾತ್ರೆ ತಂದುಕೊಟ್ಟಿದ್ದ. ಪೈಲಟ್‌ಗಳ ಮೆಡಿಕಲ್ ಮಾಡುವ ಡಾಕ್ಟರನ್ನು ಕೇಳದೆ ಮುಟ್ಟಬೇಡ ಅಂತ ಖಡಾಖಂಡಿತವಾಗಿ ಹೇಳಿದೆ. ಇಂಥ ಕಷ್ಟ ಹೇಳಿಕೊಂಡರೆ ಲೈಸೆನ್ಸ್ ಹೋಗುತ್ತದೆ ಅನ್ನೋ ಹೆದರಿಕೆ ಈ ಹುಡುಗರಲ್ಲಿ ಬಹಳ. ಪೈಲಟ್‌ಗಳಿಗೆ ಪೈಲಟ್‌ಗಳೇ ಆಸರೆಯಾಗುವ ವ್ಯವಸ್ಥೆ ಬೇಕು ಅಂತ 2023ರಲ್ಲಿ ವಿಮಾನಯಾನದ ನಿಯಮ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಕೂಡ ಹೇಳಿದೆ. ನಿನ್ನ ಕಂಪನಿಯಲ್ಲಿ ಇದೆಯಾ ವಿಚಾರಿಸು ಅಂದೆ.

ಅವನ ತಂದೆ ನನಗೆ ಫೋನ್ ಮಾಡಿದರು. "ಎದುರ ಮಾತಾಡೂದು ಕಲಸಾಕತ್ತೀರಂತ? ನೌಕರಿ ಹೋದ್ರ ಸಾಲ ಯಾರ ತೀರಸ್ತಾರ್ರೀ?" ನನ್ನ ಜೊತೆಯಲ್ಲಿ ಕೆಲಸ ಮಾಡುವ ಒಬ್ಬರೂ ಇದನ್ನೇ ಬೇರೆ ಮಾತಲ್ಲಿ ಹೇಳಿದರು: ಹೊಸ ಕೆಲಸ, ಸ್ವಲ್ಪ ಹೊಂದಿಕೊಂಡು ಹೋಗು ಅನ್ನಬಹುದಿತ್ತು. ನಾನು ಒಪ್ಪುವುದಿಲ್ಲ. ಆ ಸೀಟಿನಲ್ಲಿ ಎರಡನೇ ಮನುಷ್ಯನನ್ನು ಕೂರಿಸುವುದೇ ಒಬ್ಬರ ಕಣ್ಣು ತಪ್ಪಿದ್ದನ್ನು ಇನ್ನೊಬ್ಬರು ಹೇಳಲಿ ಅಂತ. ಕ್ಯಾಪ್ಟನ್ ಆಗುವ ಲೈಸೆನ್ಸ್‌ಗೆ 1500 ಗಂಟೆ ಹಾರಿರಬೇಕು. ಅಲ್ಲಿಯವರೆಗೆ ಸುಮ್ನಿದ್ದು ಅಭ್ಯಾಸವಾದವನು ಮುಂದೆ ತನ್ನ ಪಕ್ಕದವನಿಂದಲೂ ಅದನ್ನೇ ಕೇಳುತ್ತಾನೆ. ಕೆಲಸಕ್ಕೆ ಏನೂ ಆಗಲ್ಲ ಅಂತ ತಂದೆಗೆ ಮಾತು ಕೊಡಲಿಲ್ಲ, ಕೊಡುವ ಅಧಿಕಾರ ನನಗಿಲ್ಲ. ಮಗನನ್ನು ಸುಮ್ನಿರು ಅಂತ ತಿದ್ದಿದ್ದು ಸಾಕು ಅಂತ ಮಾತ್ರ ಕೈಮುಗಿದು ಕೇಳಿದೆ.

ಹುಡುಗನಿಗೆ ಮನೆಯಲ್ಲೇ ಮಾಡುವ ಒಂದು ಕೆಲಸವನ್ನೂ ಕೊಟ್ಟಿದ್ದೆ. ಅವನ ಸಂಬಳ ನಂಬಿ ತಂದೆ ಇನ್ನೊಂದು ಸಾಲ ಮಾಡಿ ಬೋರ್‌ವೆಲ್ ಹೊಡೆಸುವವರಿದ್ದರು. ಕಂತು ತುಂಬಲು ಆಗುವುದಿಲ್ಲ ಅಂತ ಇವನಿಗೆ ಗೊತ್ತು, ಹೇಳಿರಲಿಲ್ಲ. ರಜೆಯಲ್ಲಿ ಊಟಕ್ಕೆ ಕೂತಾಗ ಹೇಳಿದ. ತಂದೆ ತಾಟು ಸರಿಸಿ ಎದ್ದು ಹೋದರಂತೆ. ಮಾರನೇ ದಿನವೂ ಮಾತಿಲ್ಲ. ಆಮೇಲೆ ದನದ ಕೊಟ್ಟಿಗೆಯಲ್ಲಿ ಕೇಳಿದರು: "ಹಂಗಾದ್ರ ಎಷ್ಟ ದಿನ ತಡೀಬೇಕು?" ಇಬ್ಬರೂ ಕೂತು ಲೆಕ್ಕ ಹಾಕಿದರು.

ಹುಡುಗ ಈಗ ಬ್ರೀಫಿಂಗ್‌ನಲ್ಲಿ ಆ ಮಾತು ಹೇಳುತ್ತಿದ್ದಾನೆ. ಹೆಚ್ಚಿನ ಕ್ಯಾಪ್ಟನ್‌ಗಳು "ಹೇಳಲೇಬೇಕು" ಅನ್ನುತ್ತಾರಂತೆ. ಒಬ್ಬರು ಮುಖ ಗಂಟು ಹಾಕಿಕೊಂಡರು, ಅಷ್ಟೇ. ನಿದ್ದೆ ಸುಧಾರಿಸಿದೆ. ಹೊಟ್ಟೆಯ ತೊಂದರೆ ಇನ್ನೂ ಪೂರ್ತಿ ಹೋಗಿಲ್ಲ, ಹಾಗಾಗಿ ವಿಡಿಯೋ ಕಾಲ್‌ನಲ್ಲಿ ಮಾತು ಮುಂದುವರಿಸಿದ್ದೇವೆ.