ಪ್ಲೇಯರ್ ಕೊಳ್ಳುವ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಪ್ಪಯ್ಯನಿಗೆ ಎಪ್ಪತ್ತು ದಾಟಿದೆ. ಅಡಿಕೆ ಸುಲಿಯುವಾಗ ತಾಳಮದ್ದಳೆ ಕೇಳಬೇಕು ಅವರಿಗೆ. ಮೊಬೈಲ್ ಕೊಟ್ಟರೆ ಬೆರಳು ಎಲ್ಲೋ ತಾಗಿ ಇನ್ನೇನೋ ತೆರೆದುಕೊಳ್ಳುತ್ತದೆ. ಐದಾರು ತಾಸಿನ ರೆಕಾರ್ಡಿಂಗುಗಳು ಪೆನ್‌ಡ್ರೈವಿನಲ್ಲಿವೆ. ಯಾವ ಪ್ಲೇಯರ್ ತೆಗೆದುಕೊಳ್ಳಲಿ?
– ಓದುಗರು, ಶಿರಸಿ ತಾಲೂಕು

ಉತ್ತರ: ಮೆಟ್ಟುಗತ್ತಿ ಮುಂದೆ ಕೂತು ಕೈಗೆಲ್ಲ ಚೊಗರು ಹತ್ತಿಸಿಕೊಂಡವರಿಗೆ ಟಚ್‌ಸ್ಕ್ರೀನ್ ಕೊಡಲೇಬೇಡಿ. ಒತ್ತಿದರೆ ಟಕ್ಕೆಂದು ತಿಳಿಯುವ ಗುಂಡಿಗಳಿರಬೇಕು. ದನಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಹಾಡು ಬದಲಿಸುವ ಗುಂಡಿಯೂ ಬೇರೆ ಬೇರೆ ಇರಬೇಕು. ಅಗ್ಗದ ಪ್ಲೇಯರುಗಳಲ್ಲಿ ಒಂದೇ ಗುಂಡಿ ಎರಡೂ ಕೆಲಸ ಮಾಡುತ್ತದೆ: ಒತ್ತಿ ಹಿಡಿದರೆ ದನಿ, ಸುಮ್ಮನೆ ಒತ್ತಿದರೆ ಮುಂದಿನ ಹಾಡು. ದನಿ ಜೋರು ಮಾಡಲು ಹೋಗಿ ಪ್ರಸಂಗವೇ ಬದಲಾಗುವುದು ಹೀಗೆ.

ಅದಕ್ಕಿಂತ ದೊಡ್ಡ ವಿಷಯ, ನಿಲ್ಲಿಸಿದ ಜಾಗದಿಂದಲೇ ಮುಂದುವರಿಯುವುದು. ಐದು ನಿಮಿಷದ ಹಾಡಿಗೆ ಇದು ಬೇಕಿಲ್ಲ, ಆರು ತಾಸಿನ ತಾಳಮದ್ದಳೆಗೆ ಇದಿಲ್ಲದಿದ್ದರೆ ಯಂತ್ರ ದಂಡ. ಡಬ್ಬಿಯ ಮೇಲೆ ಬರೆದದ್ದನ್ನು ನಂಬದೆ ಅಂಗಡಿಯಲ್ಲೇ ನೋಡಿ. ನಿಮ್ಮ ಪೆನ್‌ಡ್ರೈವಿನದೇ ಫೈಲುಗಳನ್ನು ಮೆಮೊರಿ ಕಾರ್ಡಿಗೂ ಹಾಕಿಕೊಂಡು ಹೋಗಿ. ಒಂದನ್ನು ಹಚ್ಚಿ, ಎರಡು ತಾಸಿನಷ್ಟು ಮುಂದೆ ಓಡಿಸಿ, ಆಫ್ ಮಾಡಿ ಮತ್ತೆ ಆನ್ ಮಾಡಿ. ಆಮೇಲೆ ನಡುವೆ ಬೇರೊಂದು ಫೈಲು ಹಚ್ಚಿ ಮೊದಲಿನದಕ್ಕೆ ಮರಳಿ. ಕೊನೆಯಲ್ಲಿ ಕೇಳಿದ್ದನ್ನು ಮಾತ್ರ ನೆನಪಿಟ್ಟುಕೊಳ್ಳುವ ಪ್ಲೇಯರುಗಳು ಈ ಎರಡನೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಎರಡರಲ್ಲೂ ಪಾಸಾದರೆ ತೆಗೆದುಕೊಳ್ಳಿ.

ಸುಲಿಯುವಾಗ ಕಿವಿಗೆ ವೈರು ಕಿರಿಕಿರಿ. ಹಾಗಾಗಿ ಒಳಗೇ ಸ್ಪೀಕರ್ ಇರುವ, ಪೆನ್‌ಡ್ರೈವ್ ಮತ್ತು ಕಾರ್ಡ್ ಎರಡನ್ನೂ ಓದುವ ಕೈಪೆಟ್ಟಿಗೆ ನಿಮಗೆ ಸರಿ. ಸರಿಗಮ ಕಂಪನಿಯ ಕಾರವಾನ್‌ನಂಥವುಗಳಲ್ಲಿ ಹಾಡು ಮೊದಲೇ ತುಂಬಿರುತ್ತವೆ. ನಿಮಗೆ ಬೇಕಾದದ್ದು ಅದರ ಯುಎಸ್‌ಬಿ ಕಿಂಡಿ ಮಾತ್ರ, ಆ ಹಾಡುಗಳಿಗೆ ಯಾಕೆ ದುಡ್ಡು ಕೊಡಬೇಕು? ಮುಂದೆ ಅಪ್ಪಯ್ಯನಿಗೆ ಬ್ಲೂಟೂತ್ ಇಯರ್‌ಫೋನ್ ಕೊಡುವ ಯೋಚನೆಯಿದ್ದರೆ ಇನ್ನೊಂದು ಮಾತು: ಸ್ಪೀಕರ್ ಪೆಟ್ಟಿಗೆಗಳ ಬ್ಲೂಟೂತ್ ಸಾಮಾನ್ಯವಾಗಿ ಮೊಬೈಲಿನಿಂದ ದನಿ ತೆಗೆದುಕೊಳ್ಳುತ್ತದೆ, ಹೊರಗೆ ಕಳಿಸುವುದಿಲ್ಲ.

ಈಗ ಫೈಲುಗಳ ವಿಷಯ. ಪ್ಲೇಯರ್ ಒಳ್ಳೆಯದಿದ್ದರೂ ತಪ್ಪು ಜಾಗದಿಂದ ಶುರುವಾಗುತ್ತಿದ್ದರೆ, ಒಟ್ಟು ಅವಧಿ ಆರು ತಾಸಿನ ಬದಲು ಹನ್ನೊಂದು ತಾಸು ಎಂದು ತೋರಿಸುತ್ತಿದ್ದರೆ, ಆ ಎಂಪಿ3 ಬಿಟ್‌ರೇಟ್ (ಒಂದು ಸೆಕೆಂಡಿನ ದನಿಗೆ ಬಳಸುವ ಡೇಟಾ, ಅಳತೆ ಕೆಬಿಪಿಎಸ್‌ನಲ್ಲಿ) ಏರಿಳಿಯುವ ಬಗೆಯದ್ದು. ಸಣ್ಣ ಪ್ಲೇಯರುಗಳು ಸಮಯವನ್ನು ಫೈಲಿನ ಗಾತ್ರದಿಂದ ಅಂದಾಜು ಮಾಡುತ್ತವೆ, ಬಿಟ್‌ರೇಟ್ ಏರಿಳಿದರೆ ಲೆಕ್ಕ ತಪ್ಪುತ್ತದೆ. ಅಂಥದ್ದನ್ನು ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಮೋನೋ (ಎರಡೂ ಕಿವಿಗೆ ಒಂದೇ ದನಿ) ಮಾಡಿ, ಸ್ಥಿರ ಬಿಟ್‌ರೇಟಿನಲ್ಲಿ ಮತ್ತೆ ಎಂಪಿ3 ತೆಗೆಯಿರಿ. ಬರೀ ಮಾತಿಗೆ 64 ಕೆಬಿಪಿಎಸ್ ಸಾಕು, ಭಾಗವತರ ಪದ್ಯ, ಚಂಡೆ, ಮದ್ದಳೆ ಚೊಕ್ಕ ಕೇಳಬೇಕೆಂದರೆ 96 ಇಡಿ. 96ರಲ್ಲಿ ಒಂದು ತಾಸಿಗೆ ಸುಮಾರು 43 ಎಂಬಿ, ಆರು ತಾಸಿನದು 260 ಎಂಬಿ. 32 ಜಿಬಿ ಕಾರ್ಡಿನಲ್ಲಿ ನೂರಕ್ಕೂ ಹೆಚ್ಚು ಪ್ರಸಂಗ ಹಿಡಿಸುತ್ತವೆ. ಆದರೆ ಆರು ತಾಸಿನ ಸ್ಟೀರಿಯೋ ಫೈಲನ್ನು ತೆರೆದಾಗ ಆಡಾಸಿಟಿ ತಾತ್ಕಾಲಿಕವಾಗಿ ಏಳೆಂಟು ಜಿಬಿ ನುಂಗುತ್ತದೆ, ಕಂಪ್ಯೂಟರಿನಲ್ಲಿ ಅಷ್ಟು ಜಾಗ ಇದೆಯೇ ಮೊದಲೇ ನೋಡಿ. ಅರ್ಧರ್ಧ ತಾಸಿಗೆ ತುಂಡು ಮಾಡಿ 01, 02 ಎಂದು ಅಂಕಿ ಹಾಕಿಟ್ಟರೆ ಜಾಗ ಮರೆಯುವ ಪ್ಲೇಯರಿನಲ್ಲೂ ಸುಧಾರಿಸಬಹುದು.

ಪರದೆಯಲ್ಲಿ ಕನ್ನಡದ ಬದಲು ಚೌಕಗಳು ಕಂಡರೆ ಪ್ಲೇಯರಿನಲ್ಲಿ ಕನ್ನಡ ಅಕ್ಷರವೇ ಇಲ್ಲ ಎಂದರ್ಥ, ಅದಕ್ಕೆ ಮದ್ದಿಲ್ಲ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಹೆಸರು ಬದಲಿಸಿಯೂ ಹಳೆಯದೇ ಕಂಡರೆ ಪ್ಲೇಯರ್ ಓದುತ್ತಿರುವುದು ಫೈಲಿನ ಒಳಗೇ ಬರೆದಿಟ್ಟ ಹೆಸರನ್ನು, ಅಂದರೆ ಟ್ಯಾಗನ್ನು. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಅದನ್ನು ತಿದ್ದಿ, ಇಲ್ಲವೇ ಪೂರ್ತಿ ಅಳಿಸಿ.

ಪ್ರಶ್ನೆ: ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿದ 128 ಜಿಬಿ ಕಾರ್ಡ್ ಹಾಕಿದೆ. ಒಂದು ಪ್ಲೇಯರ್ ಅದನ್ನು ಗುರುತಿಸುವುದೇ ಇಲ್ಲ. ಇನ್ನೊಂದರಲ್ಲಿ ಮೊದಲು ಹಾಕಿದ ಹಾಡುಗಳು ಬರುತ್ತವೆ, ಆಮೇಲಿನವು ಕರಕರ ಎನ್ನುತ್ತವೆ.
– ಓದುಗರು, ಕಾರವಾರ

ಉತ್ತರ: ಇಲ್ಲಿ ಎರಡು ರೋಗ ಇವೆ. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ, ಫೈಲುಗಳನ್ನು ಜೋಡಿಸಿಡುವ ವಿಧಾನದಲ್ಲಿ ಬರುತ್ತವೆ, ಅಗ್ಗದ ಪ್ಲೇಯರುಗಳಿಗೆ ಹಳೆಯ ಫ್ಯಾಟ್32 ಮಾತ್ರ ಗೊತ್ತು. ಅವಕ್ಕೆ 32 ಜಿಬಿ ಕಾರ್ಡೇ ಸುಖ. ಅದು ಕಂಪ್ಯೂಟರಿನಲ್ಲಿ 29 ಜಿಬಿ ಎಂದು ಕಂಡರೆ ಗಾಬರಿ ಬೇಡ, ಎಣಿಸುವ ರೀತಿ ಬೇರೆ ಅಷ್ಟೇ.

ಎರಡನೆಯದು ಮೋಸದ ಕಾರ್ಡ್. ಒಳಗಿರುವುದು 8 ಅಥವಾ 16 ಜಿಬಿ, ಹೇಳಿಕೊಳ್ಳುವುದು 128. ತುಂಬಿದ ಮೇಲೂ ನಕಲು ಆಗುತ್ತಲೇ ಇರುತ್ತದೆ, ಆದರೆ ಹೊಸ ಫೈಲು ಎಲ್ಲೂ ಕೂರುವುದಿಲ್ಲ, ಇಲ್ಲವೇ ಹಳೆಯದರ ಮೇಲೆ ಬರೆಯಲ್ಪಡುತ್ತದೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಇಡೀ ಕಾರ್ಡನ್ನು ತುಂಬಿಸಿ, ತಿರುಗಿ ಓದಿ, ನಿಜವಾದ ಗಾತ್ರ ಹೇಳುತ್ತದೆ. ಖಾಲಿ ಕಾರ್ಡಿನ ಮೇಲೆಯೇ ಓಡಿಸಿ, ರಾತ್ರಿ ಹಚ್ಚಿ ಮಲಗಿ. ಬಿಲ್ ಕೊಡುವ ಅಂಗಡಿಯಲ್ಲಿ ಕೊಂಡಿದ್ದರೆ ಮಾತ್ರ ಮರಳಿಸುವ ದಾರಿ ಇದೆ.

ಪ್ರಶ್ನೆ: ಮಳೆಗಾಲ ಬಂತೆಂದರೆ ಇಯರ್‌ಫೋನ್ ಒಂದು ಕಿವಿಯಲ್ಲಿ ಮಾತ್ರ ಕೇಳುತ್ತದೆ. ಹೊಸ ಪ್ಲೇಯರ್ ಮೊಬೈಲಿನ ಚಾರ್ಜರಿನಲ್ಲಿ ಚಾರ್ಜ್ ಕೂಡ ಆಗುವುದಿಲ್ಲ.
– ಓದುಗರು, ಹೊನ್ನಾವರ

ಉತ್ತರ: ಚಾರ್ಜ್ ಆಗದಿರುವುದಕ್ಕೆ ಬಹುಮಟ್ಟಿಗೆ ಕಾರಣ ವೈರು. ಎರಡೂ ತುದಿ ಯುಎಸ್‌ಬಿ-ಸಿ ಇರುವ ವೈರು ಹಾಕಿದಾಗ, ಎದುರಿನ ಯಂತ್ರದಲ್ಲಿ 5.1 ಕಿಲೋ ಓಮಿನ ಚಿಕ್ಕ ರೆಸಿಸ್ಟರ್ ಕಂಡರೆ ಮಾತ್ರ ಚಾರ್ಜರ್ ಕರೆಂಟು ಬಿಡುತ್ತದೆ. ಅಗ್ಗದ ಪ್ಲೇಯರು ಮಾಡುವವರು ಕೆಲವು ಪೈಸೆ ಉಳಿಸಲು ಅದನ್ನೇ ಬಿಟ್ಟಿರುತ್ತಾರೆ. ಒಂದು ತುದಿ ಅಗಲದ ಹಳೇ ಯುಎಸ್‌ಬಿ, ಇನ್ನೊಂದು ತುದಿ ಸಿ ಇರುವ ವೈರಿನಲ್ಲಿ 5 ವೋಲ್ಟ್, 1 ಆಂಪಿಯರ್ ಚಾರ್ಜರಿಗೆ ಹಾಕಿ ನೋಡಿ.

ಕಿವಿಯದ್ದಕ್ಕೆ ಮೊದಲು ಬೇರೆ ಇಯರ್‌ಫೋನ್ ಹಾಕಿ. ಅದರಲ್ಲೂ ಒಂದೇ ಕಡೆ ಕೇಳಿದರೆ, ಪಿನ್ನು ತಿರುಗಿಸಿದಾಗ ಬಂದು ಹೋದರೆ, ತೂತಿನೊಳಗಿನ ತಗಡಿಗೆ ಉಪ್ಪುಗಾಳಿ ಹಸಿರು ಹಿಡಿಸಿದೆ. ಪ್ಲೇಯರ್ ಆಫ್ ಮಾಡಿ, ಹಲ್ಲುಸಂದಿ ತೊಳೆಯುವ ಸಣ್ಣ ಬ್ರಷ್ಷಿಗೆ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಹಾಕಿ ಒಳಗೆ ನಾಲ್ಕು ಸುತ್ತು ತಿರುಗಿಸಿ. ಅರ್ಧ ತಾಸು ಆರಲು ಬಿಟ್ಟು, ಪಿನ್ನನ್ನು ಹತ್ತು ಸಲ ಹಾಕಿ ತೆಗೆಯಿರಿ. ತೆಂಗಿನೆಣ್ಣೆ ಹಾಕುವವರಿದ್ದಾರೆ, ಬೇಡ, ಧೂಳು ಅಂಟುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದೂ ವ್ಯರ್ಥ, ಅಕ್ಕಿಯ ಪುಡಿ ಕಿಂಡಿಗೆ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರಲ್ಲಿಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ಅರ್ಧ ಇರಲಿ, ಖಾಲಿ ಮಾಡಿ ಇಡಬೇಡಿ. ಪರದೆ ಅಥವಾ ಹಿಂಬದಿ ಉಬ್ಬಿ ಬಂದಿದ್ದರೆ ಬ್ಯಾಟರಿ ಊದಿದೆ. ಅಂಥದ್ದನ್ನು ಒಮ್ಮೆಯೂ ಚಾರ್ಜಿಗೆ ಹಾಕಬಾರದು.

ಪ್ರಶ್ನೆ: ಇಪ್ಪತ್ತು ಸಾವಿರ ದಾಟುವ ಹೈ-ರೆಸ್ (ಸಿಡಿಗಿಂತ ಸೂಕ್ಷ್ಮ ದನಿಯ) ಪ್ಲೇಯರ್ ಕೊಳ್ಳಬೇಕೆಂದಿದ್ದೇನೆ. ಅಥವಾ ಹಳೇ ಐಪಾಡ್?
– ಓದುಗರು, ಕುಮಟಾ

ಉತ್ತರ: ನಿಮ್ಮ ಬಳಿ ಇರುವ ಹಾಡುಗಳು 128 ಕೆಬಿಪಿಎಸ್ ಎಂಪಿ3 ಆಗಿದ್ದರೆ ದುಡ್ಡು ನೀರುಪಾಲು. ಅವನ್ನು ಫ್ಲ್ಯಾಕ್ (ದನಿಯಲ್ಲಿ ಏನೂ ಕಳೆಯದೆ ಇಡುವ ಫೈಲು ಬಗೆ) ಮಾಡಿದರೂ ಕಳೆದುಹೋದದ್ದು ಮರಳುವುದಿಲ್ಲ, ಫೈಲು ದಪ್ಪವಾಗುತ್ತದೆ ಅಷ್ಟೇ. ಸಿಡಿಗಳಿದ್ದರೆ ಮಾತು ಬೇರೆ: ಸಿಡಿಯಿಂದ ತೆಗೆದ ಫ್ಲ್ಯಾಕ್ ಐದು ನಿಮಿಷದ ಹಾಡಿಗೆ 25ರಿಂದ 35 ಎಂಬಿ ಬೇಡುತ್ತದೆ. ಸೋನಿಯ ಎನ್‌ಡಬ್ಲ್ಯೂ-ಎ306 ವಾಕ್‌ಮನ್‌ನ 32 ಜಿಬಿಯಲ್ಲಿ ಕೈಗೆ ಸಿಗುವುದು ಸುಮಾರು 18, ಕಾರ್ಡಿಗೂ ದುಡ್ಡು ತೆಗೆದಿಡಿ. ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿದ ಹಾಡುಗಳಿಗೆ ಬೀಗ ಇರುತ್ತದೆ, ಆ ಆ್ಯಪ್ ಓಡದ ಯಾವ ಪ್ಲೇಯರಿಗೂ ಅವು ಬರುವುದಿಲ್ಲ. ಮೊದಲು ಒಳ್ಳೆಯ ಇಯರ್‌ಫೋನ್ ಕೊಂಡು ಈಗಿನ ಯಂತ್ರದಲ್ಲೇ ಕೇಳಿ ನೋಡಿ, ವ್ಯತ್ಯಾಸ ಅಲ್ಲೇ ಹೆಚ್ಚು.

ಐಪಾಡ್ ಮಾಡುವುದನ್ನು ಆ್ಯಪಲ್ 2022ರಲ್ಲಿ ಪೂರ್ತಿ ನಿಲ್ಲಿಸಿದೆ. ಹಳೆಯದರ ಬ್ಯಾಟರಿ ಬದಲಿಸಬೇಕಾದೀತು, ಹಾಡು ಹಾಕಲು ಕಂಪ್ಯೂಟರಿನಲ್ಲಿ ಐಟ್ಯೂನ್ಸ್‌ನಂಥ ಆ್ಯಪಲ್ ತಂತ್ರಾಂಶ ಬೇಕು. ನೆನಪಿಗೆ ಇಟ್ಟುಕೊಳ್ಳುವವರಿಗೆ ಸರಿ.

ಪ್ರಶ್ನೆ: ಪ್ಲೇಯರಿನಲ್ಲಿ ರೇಡಿಯೋ ಇದೆ, ಧಾರವಾಡ ಆಕಾಶವಾಣಿ ಮಾತ್ರ ಸಿಗುವುದಿಲ್ಲ.
– ಓದುಗರು, ಜೋಯಿಡಾ

ಉತ್ತರ: ಅದು ಮೀಡಿಯಂ ವೇವ್‌ನಲ್ಲಿ ಬರುವುದು, ನಿಮ್ಮ ಪ್ಲೇಯರ್ ಎಫ್‌ಎಂ ಮಾತ್ರ ಹಿಡಿಯುತ್ತದೆ. ಎಫ್‌ಎಂ ಅಲೆಗಳಿಗೂ ಗುಡ್ಡ ಅಡ್ಡ. ವೈರಿನ ಇಯರ್‌ಫೋನ್ ಹಾಕಿಯೇ ಕೇಳಿ, ಆ ವೈರೇ ಆಂಟೆನಾ. ಮೀಡಿಯಂ ವೇವ್ ಬೇಕೆಂದರೆ ಅದಕ್ಕೆ ಪ್ರತ್ಯೇಕ ರೇಡಿಯೋನೇ ಕೊಳ್ಳಿ.