ಜೀಬ್ರಾದ ಹುಳು: ಮೊದಲು ಬಾಯಿ ನೋಡಿ

ನಮೀಬಿಯಾದ ಎಟೋಶಾ ರಾಷ್ಟ್ರೀಯ ಉದ್ಯಾನದಲ್ಲಿ ಸತ್ತ ಬಯಲು ಜೀಬ್ರಾದ ದೊಡ್ಡ ಕರುಳಿನಲ್ಲಿ ಸಿಕ್ಕ 8 ಮಿ.ಮೀ. ಉದ್ದದ ದುಂಡುಹುಳು ಸ್ಟ್ರಾಂಗೈಲಸ್ ವಲ್ಗ್ಯಾರಿಸ್ ಇರಬಹುದೇ ಎಂದು ಕೇಳಿದ್ದೀರಿ. ನನಗಂತೂ ಅನುಮಾನ. ಆ ಪ್ರಭೇದದ ಬೆಳೆದ ಗಂಡೇ ಸುಮಾರು 15 ಮಿ.ಮೀ. ಇರುತ್ತದೆ, ಹೆಣ್ಣು ಇನ್ನೂ ದೊಡ್ಡದು. ಅದರ ಬಾಯಿಯ ಬಟ್ಟಲಿನ ತಳದಲ್ಲಿ ಕಿವಿಯಂತೆ ದುಂಡಗಿನ ಎರಡು ಹಲ್ಲುಗಳೂ ಕಾಣಬೇಕು. ನೀವು ಬರೆದಿರುವುದು "ಕೊಳವೆಯಂಥ ಬಾಯಿ" ಎಂದು.

ಆ ಒಂದು ಮಾತೇ ನನ್ನನ್ನು ಸಿಲಿಂಡ್ರೋಫ್ಯಾರಿಂಕ್ಸ್ ಕುಲದತ್ತ ತಿರುಗಿಸುತ್ತದೆ. ಕುದುರೆ, ಜೀಬ್ರಾಗಳ ಕರುಳಿನಲ್ಲಿರುವ ದುಂಡುಹುಳುಗಳ ಗುಂಪಾದ ಸಣ್ಣ ಸ್ಟ್ರಾಂಗೈಲ್‌ಗಳ ಪೈಕಿ ಬಾಯಿಯ ಬಟ್ಟಲು ಅಗಲಕ್ಕಿಂತ ಬಹಳ ಉದ್ದವಾಗಿರುವುದು ಇದರ ಗುರುತು. ಹುಳುವನ್ನು ತಿಳಿಗೊಳಿಸುವ ದ್ರವವಾದ ಲ್ಯಾಕ್ಟೋಫಿನಾಲ್‌ನಲ್ಲಿಟ್ಟು ಪಾರದರ್ಶಕವಾದ ಮೇಲೆ ಸೂಕ್ಷ್ಮದರ್ಶಕದಲ್ಲಿ ಬಟ್ಟಲಿನ ಉದ್ದ, ಅಗಲ, ಗೋಡೆಯ ದಪ್ಪ ಅಳೆಯಿರಿ. ಬಾಯಂಚಿನ ಎಲೆಕಿರೀಟವನ್ನೂ (ಎಲೆಯಂಥ ಪುಟ್ಟ ಎಸಳುಗಳ ಸಾಲು) ಚಿತ್ರಿಸಿಕೊಳ್ಳಿ. ಪ್ರಭೇದ ತಿಳಿಯಲು ಹೆಣ್ಣಿನ ಬಾಲದ ಉದ್ದ ಬೇಕು. ಲಾಂಗಿಕಾಡಾ, ಬ್ರೆವಿಕಾಡಾ ಎಂಬ ಹೆಸರುಗಳ ಅರ್ಥವೇ ಉದ್ದಬಾಲ, ಗಿಡ್ಡಬಾಲ. ಗಂಡು ಸಿಕ್ಕರೆ ಹಿಂತುದಿಯ ಕೊಡೆಯಂಥ ಪೊರೆಯನ್ನು, ಅದರ ಕಡ್ಡಿಗಳು ಕವಲೊಡೆದ ರೀತಿಯನ್ನು ತಪ್ಪದೆ ದಾಖಲಿಸಿ.

ಹೆಣ್ಣಿನೊಳಗೆ ಮೊಟ್ಟೆಯ ಬದಲು ಮರಿಗಳೇ ಕಂಡರೆ ನನ್ನ ಊಹೆ ಪೂರ್ತಿ ತಪ್ಪು. ಆಗ ಮರಿ ಹಾಕುವ ದುಂಡುಹುಳು ಕ್ರಾಸೋಸೆಫಾಲಸ್ ವಿವಿಪಾರಸ್ ಅನ್ನು ಪರಿಶೀಲಿಸಿ.

ಸಗಣಿಯಲ್ಲಿನ ಮೊಟ್ಟೆ ನೋಡಿ ಸ್ಟ್ರಾಂಗೈಲ್‌ಗಳ ಪ್ರಭೇದ ಹೇಳಲು ಹೋಗಬೇಡಿ, ಅವು ಒಂದನ್ನೊಂದು ಹೋಲುತ್ತವೆ. ಉಳಿದ ಹುಳುಗಳನ್ನು ಫಾರ್ಮಲಿನ್‌ಗೆ ಹಾಕದೆ ಎಥನಾಲ್‌ನಲ್ಲಿಡಿ, ಮುಂದೆ ಡಿಎನ್‌ಎ ಪರೀಕ್ಷೆಗೆ ಬೇಕಾದೀತು.